ಇಪ್ಪತ್ತೆರಡು ನಿಮಿಷದ ಹಾಡು

ಫ್ಯಾವರ್‌ಶಮ್, ಕೆಂಟ್
೯ ನವೆಂಬರ್ ೧೯೭೦

ಪ್ರಿಯ ಥೆಲ್ಮಾ,

ನಿನ್ನ ತಮ್ಮ ಕಾಗದ ಬರೆಯುವ ಜಾತಿಯವನಲ್ಲ. ನೀನು ಮದುವೆಯಾಗಿ ಹಡಗು ಹತ್ತುವ ದಿನ ‘ಡೆಸ್ ಸುದ್ದಿ ನೀನೇ ಬರೀಬೇಕು ಕ್ಲೆಮ್’ ಅಂದಿದ್ದೆ. ಪಕ್ಕದ ಮನೆಯವನಾಗಿ ಹುಟ್ಟಿದ ತಪ್ಪಿಗೆ ಬರೆಯುತ್ತಿದ್ದೇನೆ. ಈ ಸಲ ಬರೆಯುವಂಥದ್ದು ನಿಜಕ್ಕೂ ಇದೆ. ನನಗೆ ಇನ್ನೂ ನಂಬಿಕೆ ಬಂದಿಲ್ಲ.

ಶನಿವಾರ ಸಂಜೆ ಕ್ಯಾಂಟರ್‌ಬರಿಯ ಒಂದು ಕಾಲೇಜಿನಲ್ಲಿ ನಮ್ಮ ಟೈಡ್‌ಮಿಲ್ ತಂಡದ ಕಾರ್ಯಕ್ರಮ. ಕೊನೆಗೆ ಡೆಸ್ ಬರೆದ ‘ಇಳಿತ’. ನಿನಗೆ ಗೊತ್ತಿರುವುದೇ: ನಮ್ಮೂರ ಕೊಲ್ಲಿಯಲ್ಲಿ ನೀರು ಇಳಿದು ಕೆಸರು ಕಾಣುವ ಹೊತ್ತಿನ ಹಾಡು. ಎರಡು ಚರಣ, ನಡುವೆ ನನ್ನ ಆರ್ಗನ್ನಿನ ಎಂಟು ಆವರ್ತ, ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ.

ಮೊದಲ ಚರಣ ಮುಗಿಯಿತು. ನನ್ನ ಎಂಟು ಆವರ್ತ ಬಾರಿಸಿದೆ. ಡೆಸ್ ಎರಡನೇ ಚರಣ ಎತ್ತಿಕೊಳ್ಳಲೇ ಇಲ್ಲ. ಬಾಗಿಲ ಮೇಲಿನ ಕೆಂಪು ದೀಪವನ್ನೇ ನೋಡುತ್ತ ನಿಂತುಬಿಟ್ಟ. ಬೆರಳು ಅಂಗಿಯ ಗುಂಡಿ ತಿರುಗಿಸುತ್ತಿದ್ದವು, ಬಾಯಿ ಏನನ್ನೋ ಚಪ್ಪರಿಸುತ್ತಿತ್ತು. ನಾನು ಎಂಟನ್ನು ಮತ್ತೆ ಬಾರಿಸಿದೆ. ಮತ್ತೊಮ್ಮೆ. ಡ್ರಮ್ಸ್ ಹಿಂದಿನಿಂದ ಸಿಡ್ ಬೂರ್ಮನ್ ಹುಬ್ಬಿನಲ್ಲೇ ‘ಏನಯ್ಯಾ ನಿಂದು’ ಅಂದ. ಬೇರೆ ದಾರಿ ಕಾಣದೆ ಚರ್ಚಿನಲ್ಲಿ ಕಲಿತ ಒಂದು ಪ್ರಾರ್ಥನೆಯ ರಾಗವನ್ನು ತಲೆಕೆಳಗು ಮಾಡಿ ಸೇರಿಸಿದೆ. ಸಿಡ್ ತಾಳ ಬದಲಿಸಿದ. ಎಲ್ಲಿಗೆ ಹೋಗುತ್ತಿದ್ದೇವೆಂದು ಇಬ್ಬರಿಗೂ ತಿಳಿಯದು. ಎಷ್ಟೋ ಹೊತ್ತಿನ ಮೇಲೆ ಡೆಸ್ ಏನೂ ಆಗದವನಂತೆ ಎರಡನೇ ಚರಣ ಶುರು ಮಾಡಿದ. ಹನ್ನೊಂದು ನಿಮಿಷ, ಥೆಲ್ಮಾ.

ಬಾಟಲಿ ಬೀಳುತ್ತವೆ ಅಂದುಕೊಂಡೆ. ಸಭೆ ಎದ್ದು ನಿಂತಿತು. ಚಪ್ಪಲಿಯಿಲ್ಲದ ಒಬ್ಬ ಹುಡುಗಿ ನನ್ನ ತೋಳು ಹಿಡಿದು, “ನಿಮ್ಮ ಹಾಡುಗಾರ ನಡುವೆ ಸುಮ್ನೆ ನಿಂತ್ಕೊಂಡ್ನಲ್ಲ, ಅಂಥ ಧೈರ್ಯ ನಾನು ನೋಡೇ ಇಲ್ಲ” ಅಂದಳು.

ವ್ಯಾನ್ ಓಡಿಸುತ್ತ ಡೆಸ್ ಕೇಳಿದ: “ಯಾಕೋ ಇವತ್ತು ಅಷ್ಟು ಚಪ್ಪಾಳೆ? ದಿನಾ ಹಾಡೋ ಹಾಗೇ ಹಾಡಿದ್ವಲ್ಲ.” ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಿನ್ನ,
ಕ್ಲೆಮ್ ವೈಲ್ಡಿಶ್

*

ಡೆವನ್‌ಪೋರ್ಟ್, ಟಾಸ್ಮೇನಿಯಾ
೨೬ ನವೆಂಬರ್ ೧೯೭೦

ಕ್ಲೆಮ್,

ಹನ್ನೊಂದು ನಿಮಿಷದಲ್ಲಿ ನಾನು ವಾರ್ಡಿನ ನಾಲ್ಕು ಹಾಸಿಗೆಗಳ ಹೊದಿಕೆ ಬದಲಾಯಿಸುತ್ತೇನೆ, ರೋಗಿಗಳನ್ನು ಎಬ್ಬಿಸದೆ. ಅಷ್ಟು ಹೊತ್ತು ಒಂದೇ ಹಾಡು ಕೇಳಲು ಆ ಮಕ್ಕಳಿಗೆ ಬೇರೆ ಕೆಲಸವಿಲ್ಲವೇ? ನಿನ್ನ ಕಾಗದ ಓದಿದ ರೆಕ್ಸ್, “ನಿಮ್ಮೂರಲ್ಲಿ ಹಾಡು ನಿಲ್ಸೋದು ಹೇಗಂತ ಮರ್ತುಹೋಗಿದೆಯಾ?” ಅಂದ. ಗಂಡನ ಕೈಗೆ ಪಾತ್ರೆ ಒರೆಸುವ ಬಟ್ಟೆ ಕೊಟ್ಟೆ.

ನಿನ್ನ ಧೈರ್ಯವಂತ ಹಾಡುಗಾರ ಬಾಯಿ ಚಪ್ಪರಿಸುತ್ತಿದ್ದ ಅಂದೆಯಲ್ಲ, ಅದು ಬಿಯರ್ ಕಣೋ. ಅವನಿಗೆ ಇಪ್ಪತ್ತಮೂರು ವರ್ಷ, ನಿನಗೆ ಇಪ್ಪತ್ತೆಂಟು. ಅವನ ಕೈಯಿಂದ ಲೋಟ ಕಿತ್ತುಕೊಳ್ಳುವ ವಯಸ್ಸು ನಿನ್ನದು. ಅಮ್ಮ ಸಾಯುವ ಮೊದಲು ಅವನನ್ನು ನೋಡಿಕೋ ಎಂದು ನನಗೆ ಹೇಳಿದ್ದಳು. ಇನ್ನೂ ಏನೇನೋ ಹೇಳಿದಳು, ಅದೆಲ್ಲ ಕಾಗದದಲ್ಲಿ ಬರೆಯುವಂಥದ್ದಲ್ಲ.

ಏಪ್ರಿಲ್‌ಗೆ ನಮ್ಮ ಮನೆಗೆ ಮಗು ಬರುತ್ತದೆ. ಡೆಸ್‌ಗೆ ಹೇಳು, ಮಾವ ಆಗುವವನು ಎರಡು ಸಾಲಾದರೂ ಬರೆಯಬೇಕು.

ಥೆಲ್ಮಾ

*

ಫ್ಯಾವರ್‌ಶಮ್
೧೪ ಮಾರ್ಚ್ ೧೯೭೧

ಪ್ರಿಯ ಥೆಲ್ಮಾ,

ಅಂಚೆಯವರ ಮುಷ್ಕರ ಈ ವಾರ ಮುಗಿಯಿತು. ಏಳು ವಾರ ಇಲ್ಲಿಂದ ಒಂದು ಕಾಗದವೂ ಹೊರಡಲಿಲ್ಲ. ಮುಷ್ಕರವಿಲ್ಲದಿದ್ದರೂ ನಾನು ಬರೆಯುತ್ತಿದ್ದೆನೋ ಇಲ್ಲವೋ.

ನೀನು ಹೇಳಿದಂತೆ ಕುಡಿತ ಬಿಡಿಸಿದ್ದೇನೆ. ಅವನು ಈಗ ಚಹಾ ಬಿಟ್ಟು ಬೇರೆ ಮುಟ್ಟುವುದಿಲ್ಲ. ಭುಜ ಉಳುಕಿದೆ, ಆದ್ದರಿಂದ ವ್ಯಾನ್ ಓಡಿಸುವುದು ಸಿಡ್.

‘ಇಳಿತ’ ಈಗ ಹದಿನಾರು ನಿಮಿಷ. ನಕ್ಕರೆ ನಗು. ಎಲ್ಲ ಕಡೆಯೂ ಇದೇ ನಡೆಯುತ್ತಿದೆ. ಲಂಡನ್ನಿನ ತಂಡಗಳು, ಬರ್ಮಿಂಗ್‌ಹ್ಯಾಮಿನವರು, ಎಲ್ಲರೂ ಹಾಡುಗಳನ್ನು ಎಳೆದು ಎಳೆದು ಮನೆಯಷ್ಟು ದೊಡ್ಡದು ಮಾಡುತ್ತಿದ್ದಾರೆ. ಮೂರು ನಿಮಿಷದ ಹಾಡು ಹಾಡಿದರೆ ಕಾಲೇಜು ಹುಡುಗರು ಮಕ್ಕಳಾಟ ಎನ್ನುತ್ತಾರೆ. ಅವರೆಲ್ಲ ಯಾವ ಕಾರಣಕ್ಕೆ ಹೀಗೆ ಮಾಡುತ್ತಾರೋ ನನಗೆ ಗೊತ್ತಿಲ್ಲ. ರೆಕಾರ್ಡ್ ಕಂಪನಿಯಿಂದ ಪ್ರಿಂಗಲ್ ಎಂಬ ಮನುಷ್ಯ ಬಂದಿದ್ದ. ವೆಲ್ವೆಟ್ ಕೋಟು, ಶೀತದ ಮೂಗು. “ಒಂದು ಇಡೀ ಬದಿ ತುಂಬೋ ಹಾಡು ಕೊಡಿ, ಅಂಗಡಿ ಮುಂದೆ ಸಾಲು ನಿಲ್ಲಿಸ್ತೀನಿ” ಅಂದ. ನಾನು ಆಗಲಿ ಅಂದೆ.

ನಡುಭಾಗ ಪೂರ್ತಿ ನನ್ನದೇ ಯೋಚನೆ. ಬೇರೆ ಯಾರೂ ಹೊಣೆಯಲ್ಲ. ಆ ಹೊತ್ತಿಗೆ ಡೆಸ್ ಕೂರಲೆಂದು ನನ್ನ ಆರ್ಗನ್ನಿನ ಹಿಂದೆ, ಸ್ಪೀಕರ್ ಪೆಟ್ಟಿಗೆಯ ಮರೆಯಲ್ಲಿ ಒಂದು ಮುಕ್ಕಾಲಿ ಹಾಕಿದ್ದೇವೆ.

ನಿನ್ನ ಆರೋಗ್ಯ ನೋಡಿಕೋ. ಅವನ ಚಿಂತೆ ಬೇಡ.

ಕ್ಲೆಮ್

*

ಡೆವನ್‌ಪೋರ್ಟ್
೯ ಮೇ ೧೯೭೧

ಕ್ಲೆಮ್,

ಏಪ್ರಿಲ್ ಹದಿನೇಳಕ್ಕೆ ಹೆಣ್ಣು ಮಗು. ಹೆಸರು ರಾಬಿನ್. ಡೆಸ್‌ನಿಂದ ಒಂದು ಕಾರ್ಡ್ ಬಂತು. ಅದರಲ್ಲಿ ‘ಸಂತೋಷ ಆಯ್ತು ಅಕ್ಕಾ’ ಎಂದು ಮೂರು ಸಲ, ಒಂದರ ಕೆಳಗೊಂದು. ಕೊನೆಯದು ಕಾರ್ಡಿನ ಅಂಚು ದಾಟಿ ಜಾರಿಹೋಗಿದೆ. ಪಲ್ಲವಿ ಅಂದುಕೊಂಡನೇನೋ. ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ.

ಒಂದು ಮಾತು ನೇರವಾಗಿ ಕೇಳುತ್ತೇನೆ. ನನ್ನ ತಮ್ಮನ ಹಾಡು. ಅವನು ಬರೆದದ್ದು. ಅವನ ಮುಕ್ಕಾಲಿ ನಿನ್ನ ಬೆನ್ನ ಹಿಂದೆ, ಪೆಟ್ಟಿಗೆಯ ಮರೆಯಲ್ಲಿ ಯಾಕೆ ಇದೆ? ನಾಲ್ಕು ನಿಮಿಷ ಅವನು ಹಾಡಿ, ಹನ್ನೆರಡು ನಿಮಿಷ ನೀನು ಬಾರಿಸುವುದು ಯಾರ ಸಂತೋಷಕ್ಕೆ?

ಉತ್ತರ ಬರೆ.

ಥೆಲ್ಮಾ

*

ಫ್ಯಾವರ್‌ಶಮ್
೨೨ ಅಕ್ಟೋಬರ್ ೧೯೭೧

ಪ್ರಿಯ ಥೆಲ್ಮಾ,

ತಡವಾಯಿತು, ಕ್ಷಮಿಸು. ರಾಬಿನ್‌ಗೆ ನನ್ನ ಮುತ್ತು.

ರೆಕಾರ್ಡ್ ಬಿಡುಗಡೆಯಾಗಿದೆ. ‘ಇಳಿತ’ ಇಪ್ಪತ್ತೆರಡು ನಿಮಿಷ, ಇಡೀ ಒಂದು ಬದಿ. ಒಂದು ವಾರಪತ್ರಿಕೆ ‘ಮೌನವನ್ನೇ ವಾದ್ಯ ಮಾಡಿಕೊಂಡ ಗಾಯಕ’ ಎಂದು ಡೆಸ್ ಚಿತ್ರ ಹಾಕಿದೆ. ಸಿಡ್ ಪತ್ರಿಕೆಯನ್ನು ಮಡಚಿ ಒಲೆಗೆ ಹಾಕಿದ.

ಸ್ಟುಡಿಯೋದಲ್ಲಿ ಡೆಸ್ ತನ್ನ ಎರಡು ಚರಣಗಳನ್ನು ಒಂದೇ ಬೆಳಿಗ್ಗೆ ಹಾಡಿ ಮನೆಗೆ ಹೋದ. ಉಳಿದದ್ದನ್ನು ನಾವು ಹನ್ನೊಂದು ದಿನ ತುಂಡು ತುಂಡಾಗಿ ನುಡಿಸಿ ಅಂಟಿಸಿದೆವು. ಅವನು ರೆಕಾರ್ಡ್ ಕೇಳಿಲ್ಲ. “ನಾನಿಲ್ಲದ ಭಾಗ ನಾನ್ಯಾಕೆ ಕೇಳ್ಲಿ” ಅನ್ನುತ್ತಾನೆ. ನಿನಗೊಂದು ಪ್ರತಿ ಹಡಗಿನಲ್ಲಿ ಕಳಿಸಿದ್ದಾನೆ.

ನಿನ್ನ ಪ್ರಶ್ನೆಗೆ ಉತ್ತರವಾಗಿ ಇಷ್ಟೇ: ಉದ್ದ ಮಾಡಿದ್ದು ನಾನು.

ಕ್ಲೆಮ್

*

ಡೆವನ್‌ಪೋರ್ಟ್
೧೨ ಡಿಸೆಂಬರ್ ೧೯೭೧

ಶ್ರೀ ವೈಲ್ಡಿಶ್ ಅವರಿಗೆ,

ರೆಕಾರ್ಡ್ ತಲುಪಿತು. ವಾರ್ಡಿನಲ್ಲಿ ನಾಡಿ ಎಣಿಸುವ ಗಡಿಯಾರ ಕೈಯಲ್ಲಿ ಹಿಡಿದು ಕೇಳಿದೆ. ಇಪ್ಪತ್ತೆರಡು ನಿಮಿಷದಲ್ಲಿ ನನ್ನ ತಮ್ಮನ ದನಿ ಮೂರು ನಿಮಿಷ ಐವತ್ತು ಸೆಕೆಂಡು. ಮಿಕ್ಕದ್ದೆಲ್ಲ ನೀವು.

ಮೊದಲ ಚರಣ ಮುಗಿದ ಮೇಲೆ ಅವನು ಈಗ ಬರುತ್ತಾನೆ, ಈಗ ಬರುತ್ತಾನೆ ಎಂದು ಮಗುವನ್ನು ಎತ್ತಿಕೊಂಡು ಕಾದೆ. ರೆಕ್ಸ್ ಹೊರಗೆ ಹೋಗಿ ಹುಲ್ಲು ಕತ್ತರಿಸಿ ಬಂದ, ನೀವು ಇನ್ನೂ ಬಾರಿಸುತ್ತಲೇ ಇದ್ದಿರಿ. ತಾಯಿಯಿಲ್ಲದ ಹುಡುಗನ ಹಾಡು ಕಿತ್ತುಕೊಂಡು ಅದರ ಮೇಲೆ ಇಷ್ಟು ದೊಡ್ಡ ಮನೆ ಕಟ್ಟಿಕೊಳ್ಳುವವರು ನೀವು ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಅಡುಗೆಮನೆಯಲ್ಲಿ ಕೂತು ಬ್ರೆಡ್ಡು ತಿಂದು ಬೆಳೆದವರು.

ಇನ್ನು ಮೇಲೆ ನನಗೆ ಬರೆಯಬೇಡಿ. ಅವನೇ ಬರೆಯುತ್ತಾನೆ, ಇಲ್ಲದಿದ್ದರೆ ಇಲ್ಲ.

ಥೆಲ್ಮಾ ಪೈಬಸ್

*

ಫ್ಯಾವರ್‌ಶಮ್
೨೦ ಫೆಬ್ರವರಿ ೧೯೭೨

ಥೆಲ್ಮಾ,

ಬರೆಯಬೇಡಿ ಅಂದಿದ್ದಿರಿ. ಬರೆಯಲೇಬೇಕಾಗಿದೆ. ಮೊದಲು ಇದನ್ನು ಓದಿ: ಡೆಸ್ ಬದುಕಿದ್ದಾನೆ. ಆಸ್ಪತ್ರೆಯಲ್ಲಿದ್ದಾನೆ, ಮಾತಾಡುತ್ತಾನೆ, ಊಟ ಮಾಡುತ್ತಾನೆ.

ಕಳೆದ ವರ್ಷ ಜನವರಿಯಲ್ಲಿ ಒಂದು ಬೆಳಿಗ್ಗೆ ಅವನು ನನ್ನ ಅಡುಗೆಮನೆಯಲ್ಲಿ ತಿಂಡಿ ಮಾಡಿಕೊಳ್ಳುತ್ತಿದ್ದ. ನಾನು ಪಕ್ಕದ ಕೋಣೆಯ ಪಿಯಾನೋದಲ್ಲಿ ನಮ್ಮ ಎಂಟು ಆವರ್ತ ತಿದ್ದಿಕೊಳ್ಳುತ್ತಿದ್ದೆ. ಬಂದು ನೋಡಿದರೆ ಅವನು ಚಾಕುವಿನಿಂದ ಮೇಜಿನ ಬಟ್ಟೆಗೆ ಬೆಣ್ಣೆ ಹಚ್ಚುತ್ತಿದ್ದ. ಬಾಯಿ ಚಪ್ಪರಿಸುತ್ತ, ಕಣ್ಣು ಎಲ್ಲೋ. ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಎರಡು ನಿಮಿಷದ ಮೇಲೆ ಬಟ್ಟೆ ನೋಡಿದ, ನನ್ನನ್ನು ನೋಡಿದ.

“ಎಷ್ಟು ಹೊತ್ತು?” ಅಂದ.

ತನಗೆ ಹೀಗಾಗುತ್ತದೆಂದು ಅವನಿಗೆ ಅಷ್ಟರಲ್ಲಾಗಲೇ ಗೊತ್ತಿತ್ತು. ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡ. “ಅಕ್ಕಂಗೆ ಬರೀಬೇಡ ಕ್ಲೆಮ್. ಹೊಟ್ಟೇಲಿ ಮಗು ಇದೆ, ಆದ್ರೂ ಹಡಗು ಹತ್ತಿ ಬಂದ್ಬಿಡ್ತಾಳೆ. ಡಾಕ್ಟರ್‌ಗೂ ಬೇಡ. ಗೊತ್ತಾದ್ರೆ ನನ್ನ ವೇದಿಕೆ ಹತ್ಸೋರು ಯಾರು?”

ವ್ಯಾನ್ ಸಿಡ್‌ಗೆ ಕೊಟ್ಟೆವು. ಮುಕ್ಕಾಲಿ ಹಾಕಿದೆವು. ಅವನ ಮನಸ್ಸು ಹೀಗೆ ಹೊರಟುಹೋದಾಗ ಮರೆಯಲ್ಲಿ ಕೂರಿಸಿ, ಮರಳಿ ಬಂದು ತಲೆ ತಿಳಿಯಾಗುವ ತನಕ ನಾನು ಬಾರಿಸುತ್ತಿದ್ದೆ. ಮೊದಲು ಏಳು ನಿಮಿಷ ಸಾಕಾಗುತ್ತಿತ್ತು, ಆಮೇಲೆ ಹನ್ನೆರಡು ಬೇಕಾಯಿತು, ಆಮೇಲೆ ಹದಿನೆಂಟು. ಜನ ಅದನ್ನು ಕಲೆ ಎಂದರು. ಪ್ರಿಂಗಲ್ ಅದನ್ನು ರೆಕಾರ್ಡಿಗೆ ಹಾಕಿದ. ನಾನು ಬಾಯಿ ತೆರೆಯಲಿಲ್ಲ.

ಮೊನ್ನೆ ಶುಕ್ರವಾರ ಗ್ರೇವ್‌ಸೆಂಡಿನಲ್ಲಿ ಎಂಟುನೂರು ಜನ. ಗಣಿಯವರ ಮುಷ್ಕರದಿಂದ ಇಲ್ಲಿ ದಿನವೂ ವಿದ್ಯುತ್ ಕಡಿತ. ಪತ್ರಿಕೆಯ ಪಟ್ಟಿ ಪ್ರಕಾರ ನಮಗೆ ಒಂಬತ್ತರವರೆಗೆ ಭಯವಿರಲಿಲ್ಲ. ಎಂಟು ಗಂಟೆಗೇ ಕರೆಂಟು ಹೋಯಿತು. ನಾನು ಆ ಎಂಟು ಆವರ್ತ ಮುಗಿಸಿದ್ದೆ. ಡೆಸ್‌ನ ಮನಸ್ಸು ಹೊರಟುಹೋಗಿತ್ತು, ಅವನಿನ್ನೂ ಮುಕ್ಕಾಲಿಗೆ ಬಂದಿರಲಿಲ್ಲ. ನನ್ನ ಬೆರಳ ಕೆಳಗೆ ಆರ್ಗನ್ ಸತ್ತಿತು. ಕೀಲಿ ಒತ್ತಿದರೆ ಮರದ ಸದ್ದು ಮಾತ್ರ.

ಸಭೆಯವರು ಟಾರ್ಚ್ ತಂದಿದ್ದರು. ಒಂದೊಂದಾಗಿ ಎಲ್ಲ ಬೆಳಕೂ ಅವನ ಮುಖದ ಮೇಲೆ ಬಿತ್ತು. ಅವನು ಗುಂಡಿ ತಿರುಗಿಸುತ್ತ ಬಾಯಿ ಚಪ್ಪರಿಸುತ್ತ ನಿಂತಿದ್ದ, ಮುಚ್ಚಲು ನನ್ನ ಹತ್ತಿರ ಒಂದು ಸ್ವರವೂ ಇರಲಿಲ್ಲ. ಸಿಡ್ ಪಾಪ ಡ್ರಮ್ಸ್ ಬಡಿಯುತ್ತಲೇ ಇದ್ದ. ಆಗ ಡೆಸ್ ಬಿದ್ದ. ಬೆನ್ನು ಬಿಲ್ಲಿನಂತೆ ಬಾಗಿತು, ಹಿಮ್ಮಡಿ ಹಲಗೆಗೆ ಬಡಿಯತೊಡಗಿತು. ಈ ಥರದ್ದು ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಅವರು ಚಪ್ಪಾಳೆ ತಟ್ಟಿದರು, ಥೆಲ್ಮಾ. ಡ್ರಮ್ಸಿನ ತಾಳಕ್ಕೆ ಸರಿಯಾಗಿ, ಎಂಟುನೂರು ಜನ. ನಾನು ಅವನ ತಲೆ ತೊಡೆಯ ಮೇಲಿಟ್ಟುಕೊಂಡು “ನಿಲ್ಸಿ” ಅಂತ ಕೂಗಿದೆ. ಮೈಕ್ ಇಲ್ಲದೆ ನನ್ನ ದನಿ ಮೂರನೇ ಸಾಲಿಗೂ ಮುಟ್ಟಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಡಾಕ್ಟರು ಕೇಳಿದ್ದಕ್ಕೆ ಮನೆತನದಲ್ಲಿ ಯಾರಿಗೂ ಇಂಥದ್ದಿಲ್ಲ ಎಂದು ಡೆಸ್ ಹೇಳಿದ್ದಾನೆ. ನೀವು ಬೈಯಲು ನನಗೆ ಬೇರೆ ವಿಳಾಸ ಇಲ್ಲ, ಇದೇ.

ಕ್ಲೆಮ್

*

ಡೆವನ್‌ಪೋರ್ಟ್
೨ ಮಾರ್ಚ್ ೧೯೭೨

ಕ್ಲೆಮ್,

ನನ್ನ ಟೆಲಿಗ್ರಾಂ ತಲುಪಿರಬೇಕು. ‘ಮನೆತನದಲ್ಲಿ ಇದೆ ಡಾಕ್ಟರಿಗೆ ಹೇಳು’ ಎಂದು ಕೊಟ್ಟಾಗ ಅಂಚೆ ಕಚೇರಿಯವಳು ಎರಡು ಸಲ ಓದಿ ನನ್ನ ಮುಖ ನೋಡಿದಳು.

ನಮ್ಮ ಅಮ್ಮನ ಅಣ್ಣ ವಾಲ್ಟರ್ ಯುದ್ಧದಲ್ಲಿ ಸತ್ತನೆಂದು ಡೆಸ್ ನಂಬಿದ್ದಾನೆ. ನಾನೂ ನಂಬಿದ್ದೆ. ವಾಲ್ಟರ್ ಯುದ್ಧಕ್ಕೆ ಹೋಗಲೇ ಇಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಅವನನ್ನು ಮೂರ್ಛೆರೋಗದವರನ್ನು ಇಡುವ ಕಾಲೊನಿಗೆ ಸೇರಿಸಿದರು. ಮೂವತ್ತೊಂದು ವರ್ಷ ಅಲ್ಲಿ ತೋಟದ ಕೆಲಸ ಮಾಡಿ ಸತ್ತ. ಅಮ್ಮ ಒಮ್ಮೆಯೂ ನೋಡಲು ಹೋಗಲಿಲ್ಲ. ಸಾಯುವ ವಾರ ನನಗೆ ಹೇಳಿದಳು. “ಹುಡುಗಂಗೆ ಹೇಳ್ಬೇಡ, ಭಯ ಬೀಳ್ತಾನೆ” ಅಂದಳು. ನಾನು ಹೇಳಲಿಲ್ಲ. ಹಡಗು ಹತ್ತಿ ಬಂದುಬಿಟ್ಟೆ.

ಈಗ ನಿನ್ನ ಹಳೆಯ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡಿದ್ದೇನೆ. ಗುಂಡಿ ತಿರುಗಿಸುವ ಬೆರಳು. ಚಪ್ಪರಿಸುವ ಬಾಯಿ. ಒಂದೇ ಸಾಲು ಮೂರು ಸಲ ಬರೆದ ಕಾರ್ಡ್. ವಾರ್ಡಿಗೆ ಹೊಸದಾಗಿ ಬಂದ ಹದಿನೆಂಟರ ನರ್ಸ್ ಓದಿದ್ದರೂ ಡಾಕ್ಟರನ್ನು ಕರೆಯುತ್ತಿದ್ದಳು. ನಾನು ಹತ್ತು ವರ್ಷ ಕೆಲಸ ಮಾಡಿದ ನರ್ಸ್. ನಾನು ಬಿಯರ್ ಅಂದೆ. ನಿನ್ನನ್ನು ಕಳ್ಳ ಅಂದೆ. ಗಡಿಯಾರ ಹಿಡಿದು ನೀನು ಕದ್ದ ನಿಮಿಷ ಎಣಿಸಿದೆ.

ಮಗು ಅತ್ತಿತು, ನನಗೆ ಏಳಲು ಆಗಲಿಲ್ಲ. ರೆಕ್ಸ್ ಎತ್ತಿಕೊಂಡ.

ನೀನು ಆಣೆ ಮುರಿದು ಬರೆಯಬೇಕಿತ್ತು ಎಂದು ಹೇಳಲು ನನಗೆ ಬಾಯಿಲ್ಲ. ಆದರೂ ಬರೆಯಬೇಕಿತ್ತು ಕ್ಲೆಮ್.

ವಾಲ್ಟರ್ ವಿಷಯ ಡೆಸ್‌ಗೆ ನೀನೇ ಹೇಳು. ನನ್ನ ಪರವಾಗಿ ಅವನ ಪಕ್ಕ ಕೂತು ಹೇಳು.

ಥೆಲ್ಮಾ

*

ಫ್ಯಾವರ್‌ಶಮ್
೮ ಅಕ್ಟೋಬರ್ ೧೯೭೨

ಪ್ರಿಯ ಥೆಲ್ಮಾ,

ಡೆಸ್ ನಿನಗೆ ಪ್ರತಿ ತಿಂಗಳೂ ಕಾಗದ ಹಾಕುತ್ತಿದ್ದಾನೆ, ಹಾಗಾಗಿ ಮಾತ್ರೆ ಹಿಡಿದಿವೆ, ಫೆಬ್ರವರಿಯಿಂದ ಮತ್ತೆ ಬಿದ್ದಿಲ್ಲ, ಅಪ್ಪಿತಪ್ಪಿಯೂ ಬಿಯರ್ ಕೇಳುವುದಿಲ್ಲ ಎಂಬುದೆಲ್ಲ ನಿನಗೆ ಗೊತ್ತು. ವಾಲ್ಟರ್ ವಿಷಯ ಕೇಳಿದ ದಿನ ಅವನು ಅಂದದ್ದು ಒಂದೇ ಮಾತು: “ಮೂವತ್ತೊಂದು ವರ್ಷ ಯಾರೂ ಹೋಗ್ಲಿಲ್ವಾ?” ಸಿಡ್ ಜೊತೆ ಹೋಗಿ ಆ ಮನುಷ್ಯನ ಗೋರಿ ಹುಡುಕಿ ಬಂದ.

ಅವನು ನಿನಗೆ ಬರೆಯದ ಒಂದು ಸಂಗತಿ ಇದೆ. ನನ್ನ ಮೇಲಿನ ಕರುಣೆಯಿಂದ ಬರೆದಿಲ್ಲ. ಮಾರ್ಚಿನಲ್ಲಿ ಡಾಕ್ಟರು ನನ್ನನ್ನು ಕರೆದು, “ಯಾವ ಹೊತ್ತಲ್ಲಿ ಬರ್ತಿತ್ತು?” ಎಂದು ಕೇಳಿದರು. ಯಾವಾಗಲೂ ಆ ಎಂಟು ಆವರ್ತದ ಹೊತ್ತಿನಲ್ಲಿ ಅಂದೆ. ಅದನ್ನು ಟೇಪಿನಲ್ಲಿ ತರಿಸಿ, ಅವನ ತಲೆಗೆ ತಂತಿ ಕಟ್ಟಿ ಕೇಳಿಸಿದರು. ಆರನೇ ಆವರ್ತಕ್ಕೆ ಕಾಗದದ ಮೇಲಿನ ಗೆರೆಗಳು ಹುಚ್ಚೆದ್ದವು. ಕೆಲವರಿಗೆ ಯಾವುದೋ ಒಂದು ಸ್ವರಸಾಲು ಕೇಳಿದರೇ ಮೂರ್ಛೆ ಬರುತ್ತದಂತೆ. ನನ್ನ ಆರ್ಗನ್ ಅವನನ್ನು ಕಳಿಸುತ್ತಿತ್ತು, ಥೆಲ್ಮಾ. ಅವನ ಮರೆಗೆಂದು ಅದನ್ನೇ ಮತ್ತೆ ಮತ್ತೆ ಬಾರಿಸಿ ಇನ್ನೂ ದೂರ ಕಳಿಸುತ್ತಿದ್ದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತವನು ಎಷ್ಟು ಹೊತ್ತಿಗೆ ಎದ್ದೆನೋ ತಿಳಿಯದು. ನಾಲ್ಕು ತಿಂಗಳು ಕೀಲಿಮಣೆಯ ಮುಚ್ಚಳ ತೆಗೆಯಲಿಲ್ಲ.

ಆಗಸ್ಟಿನಲ್ಲಿ ಅದೇ ಟೇಪ್ ಮತ್ತೆ ಕೇಳಿಸಿದರು. ಗೆರೆ ಅಲುಗಲಿಲ್ಲ. ಹಾಡಬಹುದು ಅಂದರು.

ಹೋದ ಶನಿವಾರ ಚಾಟಮಿನಲ್ಲಿ ಹಾಡಿದೆವು. ‘ಇಳಿತ’ವನ್ನು ಡೆಸ್ ಬರೆದ ಹಾಗೆ, ಆರ್ಗನ್ ಇಲ್ಲದೆ, ಬರೀ ಗಿಟಾರಿನ ಜೊತೆ, ನಾಲ್ಕು ನಿಮಿಷ. ಅಷ್ಟು ಚೆನ್ನಾಗಿ ಅವನು ಎಂದೂ ಹಾಡಿರಲಿಲ್ಲ. ಆಮೇಲೆ ಹಿಂದಿನಿಂದ ನಿಧಾನ ಚಪ್ಪಾಳೆ, ಗೇಲಿಯದ್ದು. ಒಬ್ಬ ಕೂಗಿದ: “ಮಿಕ್ಕಿದ್ದು ಹದಿನೆಂಟು ನಿಮಿಷ ಎಲ್ ಮಾರ್ಕೊಂಡ್ರಪ್ಪಾ?”

ಡೆಸ್ ಮೈಕಿನ ಹತ್ತಿರ ಬಾಗಿ ಅಂದ: “ಅದು ನನ್ನ ಕಾಯಿಲೆ ಕಣ್ರಯ್ಯಾ. ವಾಸಿ ಆಯ್ತು.”

ಇಡೀ ಸಭೆ ನಕ್ಕಿತು. ಒಳ್ಳೆ ಜೋಕು ಎಂದು ಶಿಳ್ಳೆ ಹಾಕಿದರು. ಗ್ರೇವ್‌ಸೆಂಡಿನ ಚಪ್ಪಾಳೆ ಕೇಳಿದಾಗಲೂ ನನಗೆ ಅಷ್ಟು ಗಾಬರಿಯಾಗಿರಲಿಲ್ಲ. ಡೆಸ್ ತಿರುಗಿ ನನ್ನ ಹತ್ತಿರ ಬಂದ.

“ಬಾರಿಸು.”

“ಬಾರ್ಸಲ್ಲ.”

“ಡಾಕ್ಟ್ರು ಆಯ್ತು ಅಂದಿದಾರೆ. ಬಾರಿಸು ಕ್ಲೆಮ್. ಎಲ್ರೂ ಕೇಳಿದಾರೆ, ನಾನೊಬ್ಬ ಕೇಳಿಲ್ಲ.”

ಸಿಡ್ ಕೋಲು ಕೆಳಗಿಟ್ಟು ನನ್ನನ್ನು ನೋಡಿದ, ಮತ್ತೆ ಎತ್ತಿಕೊಂಡ. ಡೆಸ್ ಮೊದಲ ಚರಣ ಹಾಡಿದ. ನಾನು ಎಂಟು ಆವರ್ತ ಶುರು ಮಾಡಿದೆ. ಆರನೆಯದೂ ಬಂತು. ಅವನು ನನ್ನ ಭುಜದ ಹತ್ತಿರ ನಿಂತಿದ್ದ, ಜೇಬಿನಲ್ಲಿ ಕೈ. ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ನಡುಭಾಗ ಪೂರ್ತಿ ಬಾರಿಸಿದೆವು. ತಲೆಕೆಳಗಿನ ಪ್ರಾರ್ಥನೆ, ಸಿಡ್‌ನ ಓಟ, ನೀರು ಮರಳಿ ಬರುವ ಭಾಗ, ಎಲ್ಲ. ಅವನು ಎರಡನೇ ಚರಣ ಎತ್ತಿಕೊಳ್ಳಬೇಕಾದ ಜಾಗ ಬಂತು. ಎತ್ತಿಕೊಳ್ಳಲಿಲ್ಲ.

ಥೆಲ್ಮಾ, ಆ ಕ್ಷಣ ನನ್ನ ಕೈ ತಾನಾಗಿ ಹಳೆಯ ಅಭ್ಯಾಸದಲ್ಲಿ ಮತ್ತೊಂದು ಸುತ್ತು ಹೊರಟಿತು. ತಿರುಗಿ ನೋಡಿದೆ. ತುಟಿ ಅಲುಗುತ್ತಿರಲಿಲ್ಲ. ಕಣ್ಣು ನನ್ನ ಬೆರಳ ಮೇಲಿತ್ತು, ಒದ್ದೆಯಾಗಿತ್ತು.

“ಡೆಸ್?” ಅಂದೆ.

“ಇದೀನಿ ಕಣೋ,” ಅಂದ. “ಇಷ್ಟೆಲ್ಲ ನಾನು ಬರೋ ತನಕ ಮಾಡ್ತಾ ಇದ್ರಾ? ಇನ್ನೊಂದ್ಸಲ ಬಾರಿಸು, ಕೇಳ್ತೀನಿ.”

ಅವತ್ತು ಹಾಡು ಇಪ್ಪತ್ತಾರು ನಿಮಿಷ ನಡೆಯಿತು. ಅಷ್ಟು ಹೊತ್ತೂ ಅವನು ಅಲ್ಲೇ ಇದ್ದ.

ನಿನ್ನ,
ಕ್ಲೆಮ್